ನಕ್ಷೆಯ ನೇರ ದೂರವನ್ನು ಗುಣಿಸಿ ರಸ್ತೆಯ ದೂರ ಪಡೆಯಬಹುದೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಪ್ರಯಾಣ ಭತ್ಯೆಯ ಲೆಕ್ಕಕ್ಕಾಗಿ ಹಲವು ಸ್ಥಳಗಳ ನಡುವಿನ ದೂರದ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದೇನೆ. ಎಲ್ಲ ಸ್ಥಳಗಳ ಅಕ್ಷಾಂಶ, ರೇಖಾಂಶಗಳು ನನ್ನಲ್ಲಿರುವುದರಿಂದ ಭೂಗೋಳದ ಮೇಲಿನ ಎರಡು ಬಿಂದುಗಳ ನಡುವಿನ ನೇರ ದೂರವನ್ನು ಕೊಡುವ ಹ್ಯಾವರ್ಸೈನ್ ಸೂತ್ರವನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿ ದೂರವನ್ನು ಪಡೆದಿದ್ದೇನೆ. ಆದರೆ ಅದೇ ಸ್ಥಳಗಳನ್ನು ಗೂಗಲ್ ಮ್ಯಾಪ್ಸ್‌ನಲ್ಲಿ ಕೊಟ್ಟು ಮಾರ್ಗ ಕೇಳಿದರೆ ಎಲ್ಲೆಡೆಯೂ ದೂರ ಹೆಚ್ಚಾಗಿ ಬರುತ್ತಿದೆ. ಕೆಲವೆಡೆ ತುಸು, ಕೆಲವೆಡೆ ಒಂದೂವರೆ ಪಟ್ಟು. ಸಾಲದ್ದಕ್ಕೆ, ಹೋಗುವ ದೂರವೂ ಬರುವ ದೂರವೂ ತಾಳೆಯಾಗುತ್ತಿಲ್ಲ. ನೇರ ದೂರವನ್ನು ಒಂದು ನಿಶ್ಚಿತ ಸಂಖ್ಯೆಯಿಂದ ಗುಣಿಸಿ ರಸ್ತೆಯ ದೂರವೆಂದು ಬರೆದುಕೊಳ್ಳಬಹುದೇ?

ಉತ್ತರ 1:
ತಮ್ಮ ಸೂತ್ರದಲ್ಲಿ ದೋಷವಿಲ್ಲ. ಭೂಮಿಯನ್ನು 6371 ಕಿ.ಮೀ. ತ್ರಿಜ್ಯದ ಗೋಳವೆಂದು ಭಾವಿಸುವುದರಿಂದ ಬರುವ ವ್ಯತ್ಯಾಸ ಹೆಚ್ಚೆಂದರೆ ಶೇಕಡಾ ಅರ್ಧದಷ್ಟು. ಉಳಿದ ವ್ಯತ್ಯಾಸವೆಲ್ಲ ರಸ್ತೆಯದು. ನದಿಯ ಎರಡು ದಡಗಳಲ್ಲಿ ಎದುರುಬದುರಾಗಿರುವ ಎರಡು ಸ್ಥಳಗಳ ನಡುವೆ ನೇರ ದೂರ 600 ಮೀಟರ್ ಇದ್ದು, ಸೇತುವೆ 4 ಕಿ.ಮೀ. ಆಚೆಗಿದ್ದರೆ, ಪ್ರಯಾಣದ ದೂರ 8 ಕಿ.ಮೀ. ಮೀರುತ್ತದೆ. ಇಂತಹ ಜೋಡಿಗೂ ಬಯಲಿನ ಹೆದ್ದಾರಿಯ ಮೇಲಿರುವ ಜೋಡಿಗೂ ಒಂದೇ ಗುಣಕ ಹೇಗೆ ಹೊಂದೀತು? ನೂರಾರು ಜೋಡಿಗಳ ಒಟ್ಟು ಅಂದಾಜಿಗೆ ಗುಣಕ ಸಾಕಾಗಬಹುದು. ಒಂದೊಂದು ಪ್ರಯಾಣಕ್ಕೂ ಹಣ ಪಾವತಿಸುವ ಪಟ್ಟಿಗೆ ಅದು ಸಲ್ಲದು.

ಉತ್ತರ 2:
ಹೋಗುವ ಮತ್ತು ಬರುವ ದೂರ ಬೇರೆಯಾಗುವುದರ ಬಗ್ಗೆ: ಮಾರ್ಗ ಹುಡುಕುವ ತಂತ್ರಾಂಶಕ್ಕೆ ಕೂಡುರಸ್ತೆಗಳು ಬಿಂದುಗಳು, ಅವುಗಳ ನಡುವಿನ ರಸ್ತೆಯ ತುಣುಕುಗಳು ದಿಕ್ಕುಳ್ಳ ಗೆರೆಗಳು. ಏಕಮುಖ ರಸ್ತೆಯಾದರೆ ಒಂದು ದಿಕ್ಕಿನ ಗೆರೆ ಮಾತ್ರ ಇರುತ್ತದೆ, ಹಾಗಾಗಿ ಬರುವಾಗ ಬೇರೆ ದಾರಿ ಹಿಡಿಯಬೇಕಾಗುತ್ತದೆ. ಈ ಜಾಲದಲ್ಲಿ ಒಟ್ಟು ವೆಚ್ಚ ಕನಿಷ್ಠವಾಗಿರುವ ದಾರಿಯನ್ನು ಹುಡುಕುವ ವಿಧಾನವನ್ನು ಗಣಕ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದರು. ಇಂದಿನ ಹಲವು ವಿಧಾನಗಳು ಅದರ ಮುಂದುವರಿಕೆಗಳೇ. ಆದರೆ ಇಲ್ಲಿ ವೆಚ್ಚವೆಂದರೆ ಸಾಮಾನ್ಯವಾಗಿ ಸಮಯವೇ ಹೊರತು ಕಿಲೋಮೀಟರ್ ಅಲ್ಲ, ಹಾಗಾಗಿ ಮೊದಲು ತೋರುವ ಮಾರ್ಗವೇ ಅತಿ ಹತ್ತಿರದ್ದು ಎಂದುಕೊಳ್ಳಬಾರದು.

ಪಿನ್ ಎಲ್ಲಿ ಬಿದ್ದಿದೆ ಎಂಬುದನ್ನೂ ನಕ್ಷೆಯನ್ನು ಹಿಗ್ಗಿಸಿ ನೋಡಿರಿ. ಪಿನ್ ಕಟ್ಟಡದ ನಡುವೆ ಇದ್ದರೆ ತಂತ್ರಾಂಶವು ಅದನ್ನು ಹತ್ತಿರದ ರಸ್ತೆಗೆ ಎಳೆದುಕೊಳ್ಳುತ್ತದೆ. ಆ ರಸ್ತೆ ಹಿಂಬದಿಯದ್ದೋ ಡಿವೈಡರ್‌ನ ಆಚೆಬದಿಯದ್ದೋ ಆಗಿದ್ದರೆ ಮುಂದಿನ ಯೂ ಟರ್ನ್‌ವರೆಗಿನ ದೂರವೂ ಲೆಕ್ಕಕ್ಕೆ ಸೇರುತ್ತದೆ. ಪಿನ್ನನ್ನು ಮುಖ್ಯ ಗೇಟಿನ ಮುಂದಕ್ಕೆ ಸರಿಸಿದರೆ ಸಾಕು.

ಉತ್ತರ 3:
ಕಾಗದದ ನಕ್ಷೆಯನ್ನು ಬಳಸುವವರಿಗೆ ಒಂದು ಮಾತು. 1:50,000 ಪ್ರಮಾಣದ ನಕ್ಷೆಯಲ್ಲಿ 2 ಸೆಂ.ಮೀ. ಎಂದರೆ 1 ಕಿ.ಮೀ.; ರಸ್ತೆಯ ತಿರುವುಗಳ ಮೇಲೆ ದಾರವಿಟ್ಟು ಅಳೆದರೆ ಸಾಕಷ್ಟು ಸರಿಯಾದ ದೂರವೇ ಸಿಗುತ್ತದೆ. 1:10,00,000 ಪ್ರಮಾಣದಲ್ಲಿ ಚಿಕ್ಕ ತಿರುವುಗಳನ್ನೆಲ್ಲ ನೇರಗೊಳಿಸಿರುವುದರಿಂದ, ಎಷ್ಟು ಎಚ್ಚರಿಕೆಯಿಂದ ಅಳೆದರೂ ದೂರ ಕಡಿಮೆಯೇ ಬರುತ್ತದೆ. ಏರುರಸ್ತೆಯ ಬಗ್ಗೆ ಚಿಂತೆ ಬೇಡ: ನೂರು ಮೀಟರಿಗೆ ಹತ್ತು ಮೀಟರ್ ಏರುವ ಕಡಿದಾದ ರಸ್ತೆಯಲ್ಲಿಯೂ ಪ್ರತಿ ಕಿಲೋಮೀಟರಿಗೆ ಸುಮಾರು 5 ಮೀಟರ್ ಮಾತ್ರ ಹೆಚ್ಚುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ವಾಹನದ ಓಡೋಮೀಟರ್‌ನ ದೂರವನ್ನೇ ನಂಬುವುದು ಮೇಲಲ್ಲವೇ?

ಉತ್ತರ 2 ಬರೆದವರು:
ಓಡೋಮೀಟರ್ ಚಕ್ರದ ಸುತ್ತುಗಳನ್ನು ಎಣಿಸುತ್ತದೆ. ಟೈರ್ ಸವೆದಂತೆ ಸುತ್ತಳತೆ ಕುಗ್ಗಿ, ಅದೇ ರಸ್ತೆಗೆ ತುಸು ಹೆಚ್ಚು ದೂರ ತೋರಿಸುತ್ತದೆ. ಎಲ್ಲರಿಗೂ ಅನ್ವಯಿಸುವ ಪಟ್ಟಿಗೆ ನಕ್ಷೆಯ ಮಾರ್ಗವೇ ಉತ್ತಮ. ಯಾವ ಗೇಟಿನಿಂದ, ಯಾವ ವಾಹನಕ್ಕೆ, ಅತಿ ಹತ್ತಿರದ ಮಾರ್ಗವೋ ಬೇಗ ತಲುಪುವ ಮಾರ್ಗವೋ, ಯಾವ ದಿನಾಂಕದಂದು ನೋಡಿದ್ದು ಎಂಬುದನ್ನು ಪಕ್ಕದ ಅಂಕಣಗಳಲ್ಲಿ ನಮೂದಿಸಿಬಿಡಿ. ಪಟ್ಟಿ ದೊಡ್ಡದಿದ್ದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯ ದತ್ತಾಂಶದ ಮೇಲೆ ನಡೆಯುವ, ಮಾರ್ಗ ಹುಡುಕುವ ಓಎಸ್‌ಆರ್‌ಎಂ ತಂತ್ರಾಂಶದಿಂದ ಎಲ್ಲ ಜೋಡಿಗಳ ದೂರವನ್ನೂ ಒಟ್ಟಿಗೆ ಪಡೆಯಬಹುದು. ದೂರ ಬೇಕೆಂದು ಸ್ಪಷ್ಟವಾಗಿ ಕೇಳದಿದ್ದರೆ ಅದರ ಕೋಷ್ಟಕ ಪ್ರಯಾಣದ ಸಮಯವನ್ನಷ್ಟೇ ಕೊಡುತ್ತದೆ. ಅಲ್ಲದೆ, ಅದಕ್ಕೆ ರೇಖಾಂಶವನ್ನು ಮೊದಲು, ಅಕ್ಷಾಂಶವನ್ನು ನಂತರ ಕೊಡಬೇಕು. ತಮ್ಮ ಸ್ಪ್ರೆಡ್‌ಶೀಟ್‌ನಲ್ಲಿ ಕ್ರಮ ತಿರುವುಮುರುವಾಗಿದ್ದರೆ ಮೊದಲೇ ಬದಲಿಸಿಕೊಳ್ಳಿ.