ಪ್ಲೇಸ್ಟೇಷನ್ 4 ಡಿಸ್ಕ್ ಓದುತ್ತಿಲ್ಲ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಕಲಬುರಗಿಯಿಂದ ಪ್ರಶ್ನೆ:
ನನ್ನ ಪ್ಲೇಸ್ಟೇಷನ್ 4 ಸ್ಲಿಮ್ (ವಿಡಿಯೊ ಗೇಮ್ ಯಂತ್ರದ ತೆಳು ಮಾದರಿ) ಆಟದ ಡಿಸ್ಕನ್ನು ಒಳಗೆ ಎಳೆದುಕೊಳ್ಳುತ್ತದೆ, ತಿರುಗುವ ಸದ್ದೂ ಕೇಳುತ್ತದೆ, ಆದರೆ ಗುರುತಿಸುವುದಿಲ್ಲ. ಸಿನಿಮಾದ ಡಿವಿಡಿಯನ್ನು ಮಾತ್ರ ಓದುತ್ತದೆ. ರಿಪೇರಿ ಮಾಡಿಸುವುದು ಸರಿಯೇ?

ಶಹಾಬಾದಿನಿಂದ:
ನಮ್ಮ ಮನೆಯ ಹಿಂದೆಯೇ ಕಲ್ಲು ಪಾಲಿಶ್ ಮಾಡುವ ಘಟಕವಿದ್ದು, ಕಿಟಕಿ ಮುಚ್ಚಿದರೂ ಫರಸಿಯ ಧೂಳು ಒಳಗೆ ಬರುವುದರಿಂದ ನನ್ನ ಸ್ಲಿಮ್ ಎರಡೇ ವರ್ಷಕ್ಕೆ ಕೈಕೊಟ್ಟಿತು. ಸೇಫ್ ಮೋಡ್ ಎಂಬ ದುರಸ್ತಿ ಮೆನುವಿನಲ್ಲಿ ಡೇಟಾಬೇಸ್ ರೀಬಿಲ್ಡ್ (ಒಳಗಿನ ಮಾಹಿತಿಯ ಪಟ್ಟಿಯನ್ನು ಮತ್ತೆ ಜೋಡಿಸುವುದು) ಮಾಡಿದರೂ ಪ್ರಯೋಜನವಾಗಲಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹತ್ತಿ ಅದ್ದಿ ಲೆನ್ಸ್ ಒರೆಸಿದ ಮೇಲೆ ಹನ್ನೊಂದು ದಿನ ಓದಿ ಮತ್ತೆ ನಿಂತಿತು. 1,650 ರೂಪಾಯಿ ಕೊಟ್ಟು ತರಿಸಿದ ಲೇಸರ್ (ಡಿಸ್ಕ್ ಓದುವ ಭಾಗ) ಹಳೆಯ ಮಾದರಿಯ ಕೆಇಎಸ್-490 ಆಗಿತ್ತು. ಸ್ಲಿಮ್‌ಗೆ ಬೇಕಾದದ್ದು 496. ಮಾರಿದವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಎರಡನೆಯದಕ್ಕೆ 1,900, ಕೂಲಿ 800, ಒಟ್ಟು 4,350 ರೂಪಾಯಿ ಹೋಯಿತು. ಆದರೆ ಇಂದಿಗೂ ಓದುತ್ತಿದೆ, ನನಗೆ ಪಶ್ಚಾತ್ತಾಪವಿಲ್ಲ.

ಬೀದರಿನಿಂದ:
ನಿಮ್ಮದು ಉಳಿಯಿತು, ನನ್ನದು ಸತ್ತಿತು. ನನ್ನದು 2014ರಲ್ಲಿ ಕೊಂಡ ಮೊದಲ ಮಾದರಿ. ಹೈದರಾಬಾದಿನ ಒಂದು ಅಂಗಡಿಯವರು 3,800 ರೂಪಾಯಿಗೆ ಡಿಸ್ಕ್ ಓಡಿಸುವ ಹಳೆಯ ಡ್ರೈವೊಂದನ್ನು ಇಡಿಯಾಗಿ ಕೂರಿಸಿದರು. ಆ ಮಾದರಿಯಲ್ಲಿ ಡ್ರೈವಿನ ಬೋರ್ಡ್ ಯಂತ್ರದ ಮುಖ್ಯ ಬೋರ್ಡ್ ಆದ ಮದರ್‌ಬೋರ್ಡ್‌ನೊಂದಿಗೆ ಜೋಡಿಯಾಗಿರುತ್ತದೆ, ಬೇರೆ ಬೋರ್ಡನ್ನು ಅದು ಒಪ್ಪುವುದಿಲ್ಲ ಎಂಬುದು ಅವರಿಗೆ ತಿಳಿದಿರಲಿಲ್ಲ. ನನ್ನ ಮೂಲ ಬೋರ್ಡನ್ನು ಆ ಡ್ರೈವಿಗೆ ಹಾಕಿಸೋಣವೆಂದು ಎರಡನೆಯ ಸಲ ಬಸ್ಸು ಹತ್ತಿ ಹೋದರೆ, ಅದನ್ನು ಆಗಲೇ ಗುಜರಿಗೆ ಹಾಕಿದ್ದರು! ಹದಿನೇಳು ಡಿಸ್ಕುಗಳು ಇಂದಿಗೂ ಕಪಾಟಿನಲ್ಲಿವೆ.

ಯಾದಗಿರಿಯಿಂದ:
ಇಬ್ಬರೂ ಸುಮ್ಮನೆ ಹಣ ಕಳೆದುಕೊಂಡಿದ್ದೀರಿ. ಡಿಸ್ಕಿನ ಮೇಲಿನ ಗೀರುಗಳಿಗೆ ಹಲ್ಲುಜ್ಜುವ ಪೇಸ್ಟ್ ಹಚ್ಚಿ, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಉಜ್ಜಿ ತೊಳೆದರೆ ಸಾಕು. ನಾನು ಒಂಬತ್ತು ಡಿಸ್ಕುಗಳನ್ನು ಹೀಗೆಯೇ ಉಳಿಸಿಕೊಂಡಿದ್ದೇನೆ.

ಬೀದರಿನಿಂದ:
ದಯವಿಟ್ಟು ಇಂಥ ಸಲಹೆಯನ್ನು ಕೊಡಬೇಡಿ. ಪ್ಲೇಸ್ಟೇಷನ್ 4ರ ಆಟಗಳು ಬರುವ ಬ್ಲೂ-ರೇ ಡಿಸ್ಕಿನಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ ಕೇವಲ 0.1 ಮಿಲಿಮೀಟರ್ ಕೆಳಗಿರುತ್ತದೆ, ಅದನ್ನು ಕಾಯಲೆಂದೇ ಗಟ್ಟಿ ಲೇಪನ ಕೊಟ್ಟಿರುತ್ತಾರೆ. ಪೇಸ್ಟ್ ಆ ಲೇಪನವನ್ನೇ ಕೆರೆಯುತ್ತದೆ. ನಿಮ್ಮ ಡಿಸ್ಕುಗಳು ಯಾವ ಕಾಲದವು?

ಯಾದಗಿರಿಯಿಂದ:
ಪ್ಲೇಸ್ಟೇಷನ್ 2ರವು. ಆದರೇನಾಯಿತು? ಮೂಲ ಬೋರ್ಡನ್ನೇ ಕೇಳಿ ಇಸಿದುಕೊಳ್ಳದೆ ಬಂದವರು ನನಗೆ ಪಾಠ ಹೇಳಬೇಕಾಗಿಲ್ಲ.

ಬೀದರಿನಿಂದ:
ಆದದ್ದೇನೆಂದರೆ, ಅವು ಡಿವಿಡಿಗಳು ಮತ್ತು ಹಿಂದಿನ ಸಿಡಿಗಳು. ಡಿವಿಡಿಯಲ್ಲಿ ಆ ಪದರ 0.6 ಮಿಲಿಮೀಟರ್ ಆಳದಲ್ಲಿರುತ್ತದೆ, ಉಜ್ಜಿದರೂ ತಡೆಯುತ್ತದೆ. ನನ್ನ ನಷ್ಟವನ್ನು ಆಡಿಕೊಳ್ಳಬೇಡಿ.

ಕಲಬುರಗಿಯಿಂದ, ಪ್ರಶ್ನೆ ಕೇಳಿದವರು:
ನನ್ನ ಡಿಸ್ಕುಗಳಲ್ಲಿ ಗೀರೇ ಇಲ್ಲ, ಗೆಳೆಯನ ಮನೆಯಲ್ಲಿ ಸರಿಯಾಗಿ ಓಡುತ್ತವೆ. ಡಿವಿಡಿ ಓದುತ್ತದೆ ಎಂದು ಬರೆದಿದ್ದೆ, ಅದರ ಬಗ್ಗೆ ಯಾರೂ ಹೇಳಲಿಲ್ಲ.

ಶಹಾಬಾದಿನಿಂದ:
ಕ್ಷಮಿಸಿ, ಅದನ್ನು ಮೊದಲೇ ಹೇಳಬೇಕಿತ್ತು. ಡಿವಿಡಿಗೆ 650 ನ್ಯಾನೊಮೀಟರ್‌ನ ಕೆಂಪು ಲೇಸರ್, ಆಟದ ಬ್ಲೂ-ರೇ ಡಿಸ್ಕಿಗೆ 405 ನ್ಯಾನೊಮೀಟರ್‌ನ ನೀಲಿ ಲೇಸರ್ ಬಳಕೆಯಾಗುತ್ತವೆ. ಒಂದು ಓದಿ ಇನ್ನೊಂದು ಓದದಿದ್ದರೆ ನೀಲಿಯದೇ ದುರ್ಬಲವಾಗಿರುವ ಸಾಧ್ಯತೆ ಹೆಚ್ಚು. ಮೊದಲು ಒಮ್ಮೆ ಲೆನ್ಸ್ ಒರೆಸಿ ನೋಡಿ, ಆಗದಿದ್ದರೆ 496ನ್ನೇ ತರಿಸಿ. ಸ್ಲಿಮ್‌ನಲ್ಲಿ ಡ್ರೈವಿನ ನಿಯಂತ್ರಣ ಮದರ್‌ಬೋರ್ಡ್‌ನಲ್ಲಿಯೇ ಇರುವುದರಿಂದ ಬೀದರಿನವರಿಗೆ ಆದ ಅನ್ಯಾಯ ನಿಮಗೆ ಆಗದು. ಹಣ ಕೊಡುವ ಮುನ್ನ ಭಾಗದ ಮೇಲಿನ ಸಂಖ್ಯೆಯ ಫೋಟೊ ಕೇಳಿ ಪಡೆಯಿರಿ.