ಸಹಾಯ ಬೇಕು: ಮರದ ಆಟಿಕೆ ಗಾಡಿಗಳಿಗೆ ಅರಗಿನ ಬಣ್ಣ ಹಾಕಲು ಕಲಿಸುವವರು

ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನ 14 ಜನ ಶನಿವಾರ ಮಧ್ಯಾಹ್ನ ಒಟ್ಟಿಗೆ ಕೂತು ಆಟಿಕೆ ಮಾಡುತ್ತಿದ್ದೇವೆ. ಕಟ್ಟಡ ಕೆಲಸಗಾರರ ಶೆಡ್ಡುಗಳ ಪಕ್ಕದ ಅಂಗನವಾಡಿ ಮಕ್ಕಳಿಗೆ. ಅಲ್ಲಿ ಒಬ್ಬ ಪುಟ್ಟ ಹುಡುಗಿ ಇಟ್ಟಿಗೆ ಚೂರಿಗೆ ಬಟ್ಟೆ ಸುತ್ತಿ, ತಟ್ಟಿ ಮಲಗಿಸುತ್ತಿದ್ದಳು. ಅದನ್ನು ನೋಡಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ.

ಬಟ್ಟೆ ಗೊಂಬೆಗಳು ಚೆನ್ನಾಗಿ ಬರುತ್ತಿವೆ. ಕಣ್ಣಿಗೆ ಗುಂಡಿ ಹಾಕುತ್ತಿಲ್ಲ, ಮಕ್ಕಳು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ ಅಲ್ವಾ, ದಾರದಲ್ಲೇ ಹೊಲಿಯುತ್ತೇವೆ.

ತೊಂದರೆ ಮರದ ಗಾಡಿಗಳದ್ದು. ಚನ್ನಪಟ್ಟಣದಿಂದ ಆಲೆ ಮರದ (ಅಲ್ಲಿ ಆಟಿಕೆಗೆ ಬಳಸುವ ಮರ) 60 ಚಕ್ರ ತಂದಿದ್ದೇವೆ, ಬಣ್ಣ ಹಾಕಿಲ್ಲದ್ದು. ಅಲ್ಲಿನವರು ಲೇತ್‌ನಲ್ಲಿ (ಮರ ತಿರುಗಿಸುವ ಯಂತ್ರ) ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರ ಹಿಡಿಯುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಹೊಳಪು. ನಮ್ಮಲ್ಲಿ ಲೇತ್ ಇಲ್ಲ. ಅಂಗಡಿ ಪೇಂಟ್ ಹಚ್ಚೋಕೆ ಧೈರ್ಯ ಇಲ್ಲ, ಅದರಲ್ಲಿ ವಿಷದ ಸೀಸ (ಲೆಡ್) ಇದ್ದುಬಿಟ್ಟರೆ?

ಬೆಂಗಳೂರು, ರಾಮನಗರ ಕಡೆ ಈ ಕೆಲಸ ಗೊತ್ತಿರುವವರು ಒಂದು ಶನಿವಾರ ಕಲಿಸಿಕೊಡುತ್ತೀರಾ? ಪುಕ್ಕಟೆ ಬೇಡ, ದಿನದ ಕೂಲಿ ಕೊಡುತ್ತೇವೆ. ಗೊಂಬೆಗೆ ಒಗೆದ ಹಳೇ ಕಾಟನ್ ಸೀರೆ ಇದ್ದರೂ ತಿಳಿಸಿ, ನಾವೇ ಬಂದು ತೆಗೆದುಕೊಂಡು ಹೋಗುತ್ತೇವೆ.