ಪ್ರೋಗ್ರಾಮಿನಲ್ಲಿ ದಿನಾಂಕದಿಂದ ಫೈಲ್ ಹೆಸರು ರಚಿಸುವ ಸರಿಯಾದ ಕ್ರಮ ಯಾವುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಬೆಳಿಗ್ಗೆ ಮತ್ತು ಸಂಜೆ ಸಂಗ್ರಹವಾಗುವ ಹಾಲಿನ ಲೀಟರ್, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ವಿವರಗಳನ್ನು ಹೊತ್ತಿಗೊಂದರಂತೆ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಕೋಷ್ಟಕ) ಫೈಲ್‌ಗಳಲ್ಲಿ ಉಳಿಸುವ ಪೈಥಾನ್ ಪ್ರೋಗ್ರಾಮೊಂದನ್ನು ಬರೆಯುತ್ತಿದ್ದೇನೆ. ಫೈಲಿನ ಹೆಸರು ಆ ದಿನದ ದಿನಾಂಕದಿಂದ ತಾನಾಗಿಯೇ ರೂಪುಗೊಳ್ಳಬೇಕು. ರಸೀದಿಯಲ್ಲಿ ಬರೆಯುವಂತೆ 09/03/2025 ಎಂದು ಕೊಟ್ಟರೆ, ಅಂತಹ ಫೈಲ್ ಅಥವಾ ಫೋಲ್ಡರ್ ಇಲ್ಲವೆಂಬ ಸಂದೇಶ ಬರುತ್ತದೆ. ಓರೆಗೆರೆಯ ಬದಲು ಅಡ್ಡಗೆರೆ ಹಾಕಿದರೆ ಫೈಲೇನೋ ಸಿದ್ಧವಾಗುತ್ತದೆ, ಆದರೆ ಎಲ್ಲ ತಿಂಗಳುಗಳ ಒಂದನೇ ತಾರೀಖಿನ ಫೈಲ್‌ಗಳು ಒಂದೆಡೆ, ಎರಡನೇ ತಾರೀಖಿನವು ಅವುಗಳ ಕೆಳಗೆ ಸೇರಿಕೊಳ್ಳುತ್ತವೆ. ಆಡಿಟ್‌ಗೆ ಒಂದು ತಿಂಗಳಿನವನ್ನು ಒಟ್ಟಿಗೆ ತೆಗೆದುಕೊಡುವುದು ಕಷ್ಟವಾಗುತ್ತದೆ. ಪ್ರೋಗ್ರಾಮ್ ಇರುವುದು ಬಾಡಿಗೆಯ ಲಿನಕ್ಸ್ ಸರ್ವರ್‌ನಲ್ಲಿ, ಫೈಲ್‌ಗಳನ್ನು ತೆರೆಯುವುದು ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲಿ.

ಉತ್ತರ 1

ಓರೆಗೆರೆಯನ್ನು ಲಿನಕ್ಸ್ ಫೋಲ್ಡರುಗಳ ನಡುವಿನ ಗುರುತಾಗಿಯೇ ಓದುತ್ತದೆ. ಹಾಗಾಗಿ ನಿಮ್ಮ ಹೆಸರಿನಲ್ಲಿ ಅದು 09 ಎಂಬ ಫೋಲ್ಡರನ್ನೂ ಅದರೊಳಗೆ 03 ಎಂಬುದನ್ನೂ ಹುಡುಕುತ್ತದೆ.

ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2025-03-09 ಎಂದು ಬರೆಯಿರಿ. 1988ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 8601 ಎಂಬ, ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನದಂಡದ ಕ್ರಮವೂ ಇದೇ. ಹೆಸರುಗಳನ್ನು ಕಂಪ್ಯೂಟರ್ ಎಡದಿಂದ ಒಂದೊಂದೇ ಅಕ್ಷರವಾಗಿ ಹೋಲಿಸುವುದರಿಂದ, ದೊಡ್ಡ ಅವಧಿ ಮೊದಲು ಬಂದರೆ ಹೆಸರಿನ ಸಾಲೇ ಕಾಲದ ಸಾಲೂ ಆಗುತ್ತದೆ. ಒಂದಂಕಿಯ ತಿಂಗಳು ಮತ್ತು ದಿನಗಳ ಹಿಂದಿನ ಸೊನ್ನೆಯನ್ನು ಬಿಡಬಾರದು. ಬಿಟ್ಟರೆ 2025-10 ಎಂಬುದು 2025-3ಕ್ಕಿಂತ ಮೊದಲು ನಿಲ್ಲುತ್ತದೆ.

ದಿನಾಂಕವನ್ನು ಬೇಕಾದ ರೂಪದ ಪಠ್ಯವಾಗಿಸುವ ಪೈಥಾನಿನ ಸ್ಟ್ರ್‌ಎಫ್‌ಟೈಮ್‌ನಲ್ಲಿ ಶೇಕಡಾ ಚಿಹ್ನೆಯ ಮುಂದೆ ಸಣ್ಣ ಎಂ ಬರೆದರೆ ತಿಂಗಳು, ದೊಡ್ಡ ಎಂ ಬರೆದರೆ ನಿಮಿಷ ಬರುತ್ತದೆ. ಪವರ್‌ಶೆಲ್ ಮತ್ತು ಜಾವಾದಲ್ಲಿ ಇದು ತಿರುಗುಮುರುಗು. ಇಂತಹ ತಪ್ಪಿಗೆ ಯಾವ ದೋಷಸಂದೇಶವೂ ಬರುವುದಿಲ್ಲ, ತಿಂಗಳ ಜಾಗದಲ್ಲಿ 47 ಎಂದು ಕಂಡಾಗಲೇ ಗೊತ್ತಾಗುವುದು. ಹೆಸರಿಗೆ ಗಂಟೆಯನ್ನೂ ಸೇರಿಸುವುದಾದರೆ ನಡುವೆ ಕೋಲನ್ ಬಳಸಬೇಡಿ. ಲಿನಕ್ಸ್ ಒಪ್ಪಿದರೂ ವಿಂಡೋಸ್ ಒಪ್ಪುವುದಿಲ್ಲ. ನಿಮಗಂತೂ ಗಂಟೆಯೇ ಬೇಕಿಲ್ಲ. ದಿನಾಂಕದ ಮುಂದೆ ಬೆಳಗಿನ ಹೊತ್ತಿಗೆ 1, ಸಂಜೆಗೆ 2 ಎಂದು ಸೇರಿಸಿದರೆ ಸಾಕು.

ಉತ್ತರ 2

ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಬಾಡಿಗೆಯ ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ಮಧ್ಯರಾತ್ರಿಯಿಂದ ಬೆಳಗಿನ 5:30ರವರೆಗೆ ನಡೆದ ಯಾವುದೇ ಕೆಲಸಕ್ಕೆ ಅಲ್ಲಿ ಹಿಂದಿನ ದಿನದ ತಾರೀಖೇ ಬೀಳುತ್ತದೆ. ಪೈಥಾನ್ 3.9ರಿಂದ ಜೊತೆಗೇ ಬರುವ ಜೋನ್‌ಇನ್ಫೋ ಎಂಬ ಕಾಲವಲಯದ ಮಾಡ್ಯೂಲ್ ಬಳಸಿ, ಭಾರತೀಯ ಕಾಲವಲಯವನ್ನು ಪ್ರೋಗ್ರಾಮಿನಲ್ಲೇ ಸ್ಪಷ್ಟವಾಗಿ ಹೇಳಿಬಿಡಿ. ನಿಗದಿತ ಸಮಯಕ್ಕೆ ಕೆಲಸಗಳನ್ನು ತಾನಾಗಿ ಓಡಿಸುವ ಲಿನಕ್ಸಿನ ಕ್ರಾನ್‌ಗೆ ಕೊಡುವ ಪಟ್ಟಿಯಾದ ಕ್ರಾನ್‌ಟ್ಯಾಬ್ ಸಾಲಿನಲ್ಲೇ ದಿನಾಂಕ ರಚಿಸುವ ಯೋಚನೆಯಿದ್ದರೆ, ಪ್ರತಿ ಶೇಕಡಾ ಚಿಹ್ನೆಯ ಹಿಂದೆ ಬ್ಯಾಕ್‌ಸ್ಲಾಶ್ ಇರಲೇಬೇಕು. ಇಲ್ಲವಾದರೆ ಕ್ರಾನ್ ಅದನ್ನು ಸಾಲಿನ ಅಂತ್ಯವೆಂದು ಎಣಿಸಿ ಆದೇಶವನ್ನು ಅಲ್ಲಿಗೇ ಕಡಿಯುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಕರೆಂಟ್ ಅಥವಾ ನೆಟ್‌ವರ್ಕ್ ಇಲ್ಲದ ಸಂಜೆಗಳಲ್ಲಿ ವಿವರವನ್ನು ಪುಸ್ತಕದಲ್ಲಿ ಬರೆದಿಟ್ಟು ಮರುದಿನ ಕಂಪ್ಯೂಟರಿಗೆ ಏರಿಸುತ್ತೇವೆ. ಆಗ ಹೆಸರಿನಲ್ಲಿ ಯಾವ ದಿನಾಂಕ ಇರಬೇಕು?

ಉತ್ತರ 1

ಹಾಲು ಅಳೆದ ದಿನದ್ದೇ ಇರಬೇಕು. ನನ್ನ ಅಭಿಪ್ರಾಯದಲ್ಲಿ ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು, ಏಕೆಂದರೆ ರೈತರಿಗೆ ಹಣ ಪಾವತಿಯಾಗುವುದು ಆ ದಿನಾಂಕದ ಆಧಾರದ ಮೇಲೆಯೇ ಹೊರತು ಪ್ರೋಗ್ರಾಮ್ ಓಡಿದ ಗಳಿಗೆಯ ಮೇಲಲ್ಲ. ಆದ್ದರಿಂದ ಹೆಸರು ರಚಿಸುವ ಫಂಕ್ಷನ್ನಿನೊಳಗೆ ಗಡಿಯಾರವನ್ನು ನೋಡಲೇಬೇಡಿ. ದಿನಾಂಕ ಮತ್ತು ಹೊತ್ತನ್ನು ಹೊರಗಿನಿಂದ ಅದಕ್ಕೆ ಕೊಡಿ. ಯಾರೂ ದಿನಾಂಕ ನೀಡದಿದ್ದಾಗ ಮಾತ್ರ, ಪ್ರೋಗ್ರಾಮಿನ ಆರಂಭದಲ್ಲಿ ಒಮ್ಮೆ ಇಂದಿನ ದಿನಾಂಕವನ್ನು ಓದಿಟ್ಟುಕೊಂಡು ಕೊನೆಯವರೆಗೂ ಅದನ್ನೇ ಬಳಸಿ. ಹೀಗೆ ಮಾಡಿದರೆ ಪ್ರೋಗ್ರಾಮನ್ನು ಪರೀಕ್ಷಿಸುವುದೂ ಸುಲಭ: ಡಿಸೆಂಬರ್ 31ರ ಸಂಜೆಯ ಹೆಸರು ಹೇಗೆ ಬರುತ್ತದೆಂದು ಇಂದೇ ನೋಡಬಹುದು.

ತಡವಾಗಿ ಏರಿಸುವಾಗ ಅದೇ ಹೆಸರಿನ ಫೈಲ್ ಮೊದಲೇ ಇರಬಹುದು. ಡಬ್ಲ್ಯೂ ಮೋಡ್‌ನಲ್ಲಿ ತೆರೆದರೆ ಹಳೆಯ ವಿವರ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಎಕ್ಸ್ ಮೋಡ್‌ನಲ್ಲಿ ತೆರೆದರೆ ಫೈಲ್ ಆಗಲೇ ಇದೆಯೆಂದು ಪೈಥಾನ್ ಅಲ್ಲಿಗೇ ನಿಲ್ಲುತ್ತದೆ. ಮುಂದೇನು ಮಾಡಬೇಕೆಂಬುದನ್ನು ಸಂಘದ ಕಾರ್ಯದರ್ಶಿಯವರು ಪುಸ್ತಕ ನೋಡಿ ತೀರ್ಮಾನಿಸಲಿ.